ರಬ್ಬರ್ ಪಟ್ಟಿಯ ಬಾಗಿಲು

ಬೆಳಿಗ್ಗೆ ಗಿರಾಕಿಯೊಬ್ಬ ನನ್ನ ಅಂಗಡಿಯಲ್ಲಿ ಚೌಕಟ್ಟಿನ ಸಮೇತ ನಿಂತಿದ್ದ ಹಳೆಯ ಬಾಗಿಲಿನ ಅಂಚಿನಿಂದ ಸೈಕಲ್ ಟ್ಯೂಬಿನ ಪಟ್ಟಿಯನ್ನು ಕಿತ್ತ. "ಇದೇನ್ ಹೊಲಸ್ರಿ ಇದು? ರೇಟ್ ಕಮ್ಮಿ ಮಾಡ್ರಿ" ಅಂದ. ಬಿಸಿಲಿಗೆ ಕಾದ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ, ಸಿಸ್ಟರ್ ನೆನಪಾದರು…

ಬೀದರಿನಲ್ಲಿ ಹಳೆಯ ಬಾಗಿಲು-ಕಿಟಕಿ ಮಾರಿಯೇ ಮನೆ ಕಟ್ಟಿದವನು ನಾನು. ಸಿಸ್ಟರ್ ಔರಾದ ಕಡೆಯ ನರ್ಸ್. ಯೆಮೆನ್ ದೇಶದಲ್ಲಿ, ಯುದ್ಧದಿಂದ ಮನಸ್ಸು ಮುರಿದವರ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದು ಬಂದಿದ್ದರು. ಭಾಲ್ಕಿಯಲ್ಲಿ ಅಂಥವರಿಗಾಗಿ ಒಂದು ಕೋಣೆ ತೆರೆಯಬೇಕೆಂದು ಬಾಗಿಲು ಕೊಳ್ಳಲು ಬಂದರು. ಸಾಗುವಾನಿ ತೋರಿಸಿದೆ. ಮರ ನೋಡಲೇ ಇಲ್ಲ. ಬಾಗಿಲನ್ನು ಎಳೆದು ಬಿಟ್ಟು, ಅದು ಬಡಿಯುವ ಸದ್ದು ಕೇಳಿದರು.

"ಢಬ್ ಅಂದ್ರ ಮಂದಿ ಮಂಚದ ಕೆಳಗ ಹೊಕ್ಕೋತಾರ್ರಿ ಅಣ್ಣಾ. ಅಲ್ಲಿ ಎಲ್ಲಾ ಬಾಗಿಲಿಗೂ ಟ್ಯೂಬ್ ಬಡದಿದ್ವಿ."

"ಟ್ಯೂಬ್ ನಾ ಬಡದು ಕೊಡ್ತೇನಿ. ರೇಟ್ ಮಾತ್ರ ಇಳಸಂಗಿಲ್ರಿ" ಅಂದೆ. ನಕ್ಕರು.

ಅವರ ಮೊದಲ ರೋಗಿ ಔರಾದಿನ ಒಬ್ಬ ಡ್ರೈವರ್. ಅದೇ ದೇಶದಲ್ಲಿ ಲಾರಿ ಓಡಿಸುವಾಗ ಬಾಂಬಿಗೆ ಸಿಕ್ಕು ಬದುಕಿ ಬಂದವನು, ಹೆಂಡತಿಯ ಜೊತೆಗೂ ಮಾತು ಬಿಟ್ಟಿದ್ದ. ಸಿಸ್ಟರ್ ಅವನ ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕೂತು ಕೂತು, ಕೊನೆಗೂ ಭಾಲ್ಕಿಗೆ ಬರಲು ಒಪ್ಪಿಸಿದ್ದರು.

ಅವನು ಬಂದ ದಿನವೇ ಊರ ಮುಖಂಡರು ಸಿಸ್ಟರ್‌ಗೆ ಸನ್ಮಾನ ಇಟ್ಟುಕೊಂಡರು. ಬೇಡವೆಂದು ಕೈಮುಗಿದರೂ ಶಾಲು, ಹಾರ, ಬಾಜಾ… ಬಾಗಿಲು ಕೂರಿಸಲು ಹೋಗಿದ್ದ ನಾನೂ ಅಲ್ಲೇ ಇದ್ದೆ. ಹೊಸ್ತಿಲ ಮುಂದೆಯೇ ಪಟಾಕಿ ಸರಕ್ಕೆ ಬೆಂಕಿ ಇಟ್ಟರು. ಡ್ರೈವರ್ ಮೇಜಿನ ಕೆಳಗೆ ತೂರಿದ. ಪ್ಯಾಂಟು ಒದ್ದೆಯಾಯಿತು.

"ಏ, ಹುಚ್ಚಗ ಪಟಾಕಿ ಅಂದ್ರ ಎಷ್ಟ್ ಅಂಜಿಕಿ ನೋಡೋ!" ಎಂದು ಒಬ್ಬ ಮೊಬೈಲಿನಲ್ಲಿ ವಿಡಿಯೊ ಹಿಡಿದ. ಮುಖಂಡರು ಪೇಡೆ ಅಗಿಯುತ್ತಲೇ ನಕ್ಕರು. ಆ ಜಿಡ್ಡು ಬಾಯಿಗಳು… ಥೂ!

ಡ್ರೈವರ್ ಔರಾದಿಗೆ ಮರಳಿ ಮನೆಯ ಕದ ಹಾಕಿಕೊಂಡವನು, ಸಿಸ್ಟರ್ ಬಡಿದರೂ ಮತ್ತೆ ತೆರೆಯಲಿಲ್ಲ. ಆ ವಿಡಿಯೊ ನೋಡಿದ ಮೇಲೆ ಬೇರೆಯವರೂ ಬರಲಿಲ್ಲ. ಬಾಗಿಲು ವಾಪಸ್ ಕೊಡಲು ಬಂದ ಸಿಸ್ಟರ್, "ಅಲ್ಲಿ ಬಾಂಬ್ ಹಾಕೋರು ವೈರಿಗಳ್ರಿ ಅಣ್ಣಾ. ಇಲ್ಲಿ ಹಾರ ಹಿಡಕೊಂಡು ಬಂದ್ರು" ಎಂದರು. ಮತ್ತೆ ಯೆಮೆನ್‌ಗೇ ಮರಳಿದರು. ಕೆಲವು ದಿನ ಫೋನ್ ಬಂತು… ಆಮೇಲೆ ಇಲ್ಲ.

ನನ್ನ ಮಾತು ಕೇಳಿ: ಇಂಥ ಕೋಣೆ ತೆರೆಯುವವರು ಉದ್ಘಾಟನೆ ಇಟ್ಟುಕೊಳ್ಳಬೇಡಿ. ಮುಖಂಡರಿಗೆ ವಿಳಾಸವನ್ನೇ ಕೊಡಬೇಡಿ.

ಗಿರಾಕಿಯನ್ನು ಕಳಿಸಿ, ಪಟ್ಟಿಗೆ ಮತ್ತೆ ಮೊಳೆ ಹೊಡೆದೆ. ಬಾಗಿಲನ್ನು ಜೋರಾಗಿ ಎಳೆದು ಬಿಟ್ಟೆ. ಸದ್ದಾಗಲಿಲ್ಲ. ಆ ಸದ್ದಿಲ್ಲದ ಬಾಗಿಲು ಯಾರಿಗೆ ಬೇಕಿತ್ತೋ ಅವರಿಬ್ಬರೂ ಇಲ್ಲಿಲ್ಲ.