ಬಾಣಂತನದ ಬೆಳ್ಳುಳ್ಳಿ

ಬೆಳ್ಳುಳ್ಳಿ ಎಂದರೆ ನನಗೆ ಈಗಲೂ ಸಿಟ್ಟು. ನೆಟ್ಟವಳು ನಾನೇ. ಡಾಟ್‌ಕಾಮ್ ಕಂಪನಿಗಳ ಆ ಭರಾಟೆಯ ಕಾಲದಲ್ಲಿ, ಕ್ಯಾಲಿಫೋರ್ನಿಯಾದ ಸನ್ನಿವೇಲಿನ ಬಾಡಿಗೆ ಮನೆಯ ಹಿತ್ತಲಲ್ಲಿ, ಬಸುರಿ ಎಂದು ಗೊತ್ತಾದ ವಾರವೇ.

ಮಂಡ್ಯದಿಂದ ಅವ್ವ ಫೋನಿನಲ್ಲಿ ಹೇಳಿದ್ದಳು: "ಬಾಣಂತಿ ಬೆಳ್ಳುಳ್ಳಿ ತಿಂದಷ್ಟೂ ಎದೆಹಾಲು ಕಣ್ ಮಗ. ಮನೆಲೇ ಬೆಳೆದಿದ್ರೆ ಇನ್ನೂ ವಾಸಿ."

ಗಂಡ ನಕ್ಕ. "ಇಲ್ಲೇ ಗಿಲ್‌ರಾಯ್ ಇದೆ, ಊರಿಗೆ ಊರೇ ಬೆಳ್ಳುಳ್ಳಿ ನಾರುತ್ತೆ. ನೀನ್ಯಾಕೆ ಮಣ್ಣು ಕೆದಕ್ತೀಯ?"

"ನೀವು ನಿಮ್ಮ ಸ್ಟಾಕು ನೋಡ್ಕೊಳ್ಳಿ, ನನ್ನ ಬೆಳೆ ನಾನು ನೋಡ್ಕೋತೀನಿ" ಎಂದೆ.

ಇಂಡಿಯನ್ ಗ್ರೋಸರಿಯಿಂದ ತಂದ ಗೆಡ್ಡೆ ಬಿಡಿಸಿ, ಎಸಳುಗಳನ್ನು ಮೊನೆ ಮೇಲಾಗಿ ಊರಿದೆ. ಚಳಿಗಾಲದ ಮಳೆಗೆ ಮೊಳಕೆ ಬಂತು, ನನಗೆ ಹೊಟ್ಟೆ ಬಂತು. ಬೆಳಿಗ್ಗೆ ಹೊತ್ತು ಹಸಿರು ಗರಿ ಸವರುತ್ತಾ ಮಗುವಿನ ಜೊತೆ ಮಾತಾಡುತ್ತಿದ್ದೆ, ಹುಚ್ಚಿ! ಯಾರಾದರೂ ನೋಡಿದ್ದರೆ ನಗುತ್ತಿದ್ದರು.

ಮೇ ತಿಂಗಳಲ್ಲಿ ಬಾಣಂತನಕ್ಕೆಂದು ಅವ್ವ ಬಂದಳು. ಸೂಟ್‌ಕೇಸಿನ ತುಂಬ ಮಗುವಿಗೆ ಹಾಸಲು, ಹೊದಿಸಲು ಮೆತ್ತನೆಯ ಹಳೆಯ ಸೀರೆಗಳು. ಅವಳು ಬಂದ ಮಾರನೆಯ ವಾರ ಮಗು ಅಲುಗಾಡುವುದು ನಿಂತಿತು. ಆಸ್ಪತ್ರೆಯಲ್ಲಿ ಹೆತ್ತೆ. ಹೆಣ್ಣು. ಉಸಿರಿರಲಿಲ್ಲ. ತಲೆತುಂಬ ಕೂದಲಿತ್ತು.

ಬರಿಗೈಲಿ ಮನೆಗೆ ಬಂದರೆ ಎದೆಗೆ ಹಾಲು ಬಂತು. ಈ ಹಾಳು ದೇಹಕ್ಕೆ ಸುದ್ದಿಯೇ ಮುಟ್ಟಿರಲಿಲ್ಲ. ಅವ್ವ ತಂದಿದ್ದ ಸೀರೆಗಳಲ್ಲೊಂದನ್ನು ಹರಿದು ನನ್ನ ಎದೆಗೆ ಬಿಗಿದು ಕಟ್ಟಿದಳು. ಊಟಕ್ಕೆ ಕೂತರೆ ಸಾರು ಸಪ್ಪೆ. "ಒಗ್ಗರಣೆಗೆ ಬೆಳ್ಳುಳ್ಳಿ ಯಾಕೆ ಹಾಕಿಲ್ಲ?" ಎಂದು ರೇಗಿದೆ.

"ಬ್ಯಾಡ ಕಣ್ ಮಗ. ಹಾಲು ಜಾಸ್ತಿ ಆಯ್ತದೆ."

ತಟ್ಟೆ ಬಿಟ್ಟು ಎದ್ದೆ. ಹಿತ್ತಲಲ್ಲಿ ಗರಿಗಳು ಹಳದಿಯಾಗಿ ಒರಗಿದ್ದವು, ಕೀಳುವ ಹದ. ಎಲ್ಲವನ್ನೂ ಕಿತ್ತು ಕಸಕ್ಕೆ ಎಸೆಯಬೇಕೆಂದು ಜಗ್ಗಿದೆ. ಗರಿ ಕೈಗೆ ಬಂತು, ಗೆಡ್ಡೆ ಮಣ್ಣಲ್ಲೇ ಉಳಿಯಿತು. ಹಿಂದೆಯೇ ಬಂದ ಅವ್ವ ಕುಕ್ಕರಗಾಲಿನಲ್ಲಿ ಕೂತು, ಸಣ್ಣ ಸಲಿಕೆಯಿಂದ ಬುಡ ಸಡಿಲಿಸಿ ಒಂದೊಂದೇ ಎತ್ತತೊಡಗಿದಳು. ಮಣ್ಣು ಕೊಡವಿದರೆ ನೇರಳೆ ಗೀರಿನ, ತುಂಬಿದ ಗೆಡ್ಡೆಗಳು. ಹುಟ್ಟಿನಿಂದ ಒಕ್ಕಲಿನವಳು, ಒಳ್ಳೆ ಬೆಳೆ ಕಂಡರೆ ಅವಳ ಬಾಯಿ ಸುಮ್ಮನಿರದು.

"ನೆಟ್ಟಿದ್ರಲ್ಲಿ ಒಂದೂ ಸತ್ತಿಲ್ಲ ಕಣ್ ಮಗ!"

ಅಂದವಳೇ ನನ್ನ ಮುಖ ನೋಡಿದಳು. ಸೆರಗು ಬಾಯಿಗೆ ತುರುಕಿಕೊಂಡಳು. ಆಸ್ಪತ್ರೆಯಲ್ಲೂ ಅಳದಿದ್ದವಳು ಆ ಮಣ್ಣಿನಲ್ಲಿ ಕುಸಿದು, "ನನ್ ಕೂಸೇ..." ಎಂದು ಅತ್ತಳು. ನಾನು ಅವಳನ್ನು ತಬ್ಬಿಕೊಂಡೆ. ಹಾಲು ಇಳಿದು ಇಬ್ಬರ ಬಟ್ಟೆಯೂ ಒದ್ದೆಯಾಯಿತು.