ಬೇವಿನ ಬೇರು ಹೊಕ್ಕ ಬದನೆ ಮಡಿ

ಮಕ್ಕಳೇ, ನಿಮ್ಮ ತಾತನ ಮನೆ ಇದ್ದದ್ದು ಮೊಳಕಾಲ್ಮೂರಿನ ಕಡೆಯ ಒಂದು ಹಳ್ಳಿಯಲ್ಲಿ. ನಾನು ಚಳ್ಳಕೆರೆ ಸೀಮೆಯ ಎರೆಭೂಮಿಯಿಂದ ಮದುವೆಯಾಗಿ ಅಲ್ಲಿಗೆ ಹೋದವಳು. ತವರಿನಲ್ಲಿ ಬೀಜ ಚೆಲ್ಲಿದರೆ ಸಾಕು, ಗಿಡ ಏಳುತ್ತಿತ್ತು. ಅತ್ತೆಯ ಹಿತ್ತಲು ಹಾಗಲ್ಲ. ಬೇಸಿಗೆ ಬಂತೆಂದರೆ ನೆಲದ ಮೇಲೆ ಸೌಳು ಬೆಳ್ಳಗೆ ಎದ್ದು ನಿಲ್ಲುತ್ತಿತ್ತು. ಹರಿವೆ ಸೊಪ್ಪು ಕೂಡ ಎರಡೆಲೆ ಬಿಟ್ಟು ಸುಟ್ಟುಹೋಗುತ್ತಿತ್ತು.

ಅದಕ್ಕೇ ನಾನು ಬಚ್ಚಲ ಹಿಂದೆ ಮೊಣಕಾಲೆತ್ತರಕ್ಕೆ ಕಲ್ಲು ಜೋಡಿಸಿ, ಕೆರೆ ಒಣಗಿದಾಗ ಅದರ ಗೋಡು ಮಣ್ಣನ್ನು ಪುಟ್ಟಿಯಲ್ಲಿ ಹೊತ್ತು ತಂದು ತುಂಬಿ, ಒಂದು ಎತ್ತರದ ಮಡಿ ಮಾಡಿಕೊಂಡೆ. ಬಚ್ಚಲ ನೀರು ಅದರ ಬುಡಕ್ಕೇ ಹೋಗುವ ಹಾಗೆ ಕಾಲುವೆ ತಿರುಗಿಸಿದೆ. ನನ್ನ ಅವ್ವ ಸೆರಗಿನ ತುದಿಯಲ್ಲಿ ಕಟ್ಟಿ ಕಳಿಸಿದ್ದ ಬದನೆ ಬೀಜ ಹಾಕಿದೆ. ಮೊದಲ ವರ್ಷ ಕಾಯಿ ಎಷ್ಟು ಬಿಟ್ಟವೆಂದರೆ ಅಕ್ಕಪಕ್ಕದ ಮನೆಗೂ ಕೊಟ್ಟೆವು. ಅತ್ತೆಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳುವಂಥದ್ದು ಆ ಮಡಿಯೊಂದೇ. ಬಾಯಿಬಿಟ್ಟು ಹಾಗೆಂದು ಯಾರಿಗೂ ಹೇಳಿದವಳಲ್ಲ.

ಮರುವರ್ಷ ಗಿಡಗಳು ಮಧ್ಯಾಹ್ನಕ್ಕೇ ತಲೆ ಬಾಗಿಸತೊಡಗಿದವು. ನಾನು ಇನ್ನಷ್ಟು ನೀರು ಬಿಟ್ಟೆ. ಇನ್ನಷ್ಟು ಬಾಗಿದವು. ಒಂದು ದಿನ ಬೆರಳಿನಿಂದ ಮಣ್ಣು ಕೆದಕಿದರೆ ಒಳಗೆಲ್ಲ ಕೆಂಪು ಬೇರು, ಕಂಬಳಿ ನೇಯ್ದ ಹಾಗೆ! ಗೋಡೆಯಾಚೆಯ ಬೇವಿನ ಮರ ಬಚ್ಚಲ ನೀರಿನ ಜಾಡು ಹಿಡಿದು ಬಂದು ನನ್ನ ಮಡಿಯಲ್ಲಿ ಕೂತು ಉಣ್ಣುತ್ತಿತ್ತು.

ಬೇರೆ ಮರವಾಗಿದ್ದರೆ ಗುದ್ದಲಿ ಹಾಕಿ ಮುಗಿಸಬಹುದಿತ್ತು. ಆದರೆ ನಿಮ್ಮ ತಾತ ಎಳೆಯವರಿದ್ದಾಗ ಮೈಮೇಲೆ ಅಮ್ಮ, ಅಂದರೆ ಸಿಡುಬು, ಎದ್ದು, ಉಳಿಯುವುದೇ ಅನುಮಾನವಾಗಿತ್ತಂತೆ. ಆಗ ಅತ್ತೆ ಆ ಮರದ ಕೆಳಗೆ ನಿಂತು, ಮಗ ಉಳಿದರೆ ಈ ಮರಕ್ಕೆ ಕಬ್ಬಿಣ ಸೋಕಿಸುವುದಿಲ್ಲ ಎಂದು ಹರಕೆ ಹೊತ್ತಿದ್ದರು. ಅಂದಿನಿಂದ ಎಲೆಯನ್ನೂ ಕೈಯಿಂದಲೇ ಮುರಿಯಬೇಕು. ಹಗ್ಗ ಕಟ್ಟಲು ಒಂದು ಮೊಳೆಯನ್ನೂ ಹೊಡೆಯುವ ಹಾಗಿರಲಿಲ್ಲ.

ಆ ಕಾಲದಲ್ಲಿ ಹಗಲು ಹೊತ್ತು ಗಂಡನೊಡನೆ ಎದುರಿಗೆ ಮಾತಾಡುವ ರೂಢಿ ಇರಲಿಲ್ಲ. ಅವರು ನನಗೆ ಹೇಳಬೇಕಾದ್ದನ್ನೂ ತಾಯಿಗೇ ಹೇಳುತ್ತಿದ್ದರು.

"ಅವ್ವ, ಆ ಮಡಿ ಕಿತ್ತಾಕು ಅಂತ ಹೇಳು ಆಕೀಗೆ. ಸಂತ್ಯಾಗೆ ಬದನೆಕಾಯಿ ಸಿಗಲ್ವೇನು?"

"ಸಂತೆಕಾಯ್ಗೆ ಹುಳ ಅಂತ ತಟ್ಟೆ ತಳ್ಳಿದೋನು ನೀನೇ ಅಲ್ವೇನೋ?" ಎಂದರು ಅತ್ತೆ.

ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಆಮೇಲೆ ಹೋಗಿ ಎಳೆ ಬೇರುಗಳನ್ನು ಕೈಯಿಂದಲೇ ಕೀಳತೊಡಗಿದೆ. ಸಣ್ಣವು ಬಂದವು. ಹೆಬ್ಬೆರಳು ಗಾತ್ರದ್ದೊಂದು ಮಾತ್ರ ಏನು ಮಾಡಿದರೂ ಬರಲಿಲ್ಲ. ಅತ್ತೆ ಯಾವಾಗ ಬಂದು ಹಿಂದೆ ನಿಂತಿದ್ದರೋ.

"ಬಿಡು ಹುಡ್ಗಿ, ಕೈಯೆಲ್ಲ ರಕ್ತ."

"ಇದೊಂದು ಹೋದ್ರೆ ಆಯ್ತು, ಅತ್ತೆ."

ಅವರು ಮಡಿಯ ಕಲ್ಲಿನ ಮೇಲೆ ಕೂತು ಬೇರನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಹೋಗಿ ಮರಕ್ಕೆ ಅರಿಸಿನ ಕುಂಕುಮ ಇಟ್ಟು, ಬುಡಕ್ಕೆ ಒಂದು ಕೊಡ ನೀರು ಸುರಿದರು. "ನೋಡು ತಾಯಿ, ಅದು ನನ್ ಸೊಸೆ ಮಡಿ. ನಿನ್ ಪಾಲು ನಿನ್ಗೆ ಕೊಡ್ತೀನಿ, ಆಕೀದು ಆಕೀಗೆ ಬಿಡು," ಎಂದು ಪಕ್ಕದ ಮನೆಯವರಿಗೆ ಹೇಳುವ ಹಾಗೆ ಹೇಳಿದರು. ತಿರುಗಿ ಬಂದು, ಬೇರಿನ ಕೆಳಗೊಂದು ಕಲ್ಲಿಟ್ಟು, ಇನ್ನೊಂದು ಕಲ್ಲಿನಿಂದ ಕುಟ್ಟತೊಡಗಿದರು.

ಸದ್ದಿಗೆ ನಿಮ್ಮ ತಾತ ಓಡಿ ಬಂದರು. "ಅವ್ವ! ಹರಕೆ?"

"ಹೊತ್ತೋಳು ನಾನು. ಕಬ್ಬಿಣ ಅಂದಿದ್ದೆ. ಕಲ್ಲು ಅಂದಿರ್ಲಿಲ್ಲ."

"ಇದು ಅಮ್ಮನಿಗೇ ಮೋಸ ಅಲ್ವಾ?"

"ನ್ಯಾಯ ಆಮೇಲೆ ಹೇಳೀಯಂತೆ. ಹೋಗಿ ಗುಡ್ಡದ ತಾವ ಒಂದಿಷ್ಟು ಚಪ್ಪಟೆ ಕಲ್ಲು ಹೊತ್ಕೊಂಡ್ ಬಾ."

ನನಗೆ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡೆ.

ಮಣ್ಣನ್ನೆಲ್ಲ ಹೊರಗೆ ತೆಗೆದು, ಬೇರು ಆಯ್ದು, ಮಡಿಯ ತಳಕ್ಕೂ ಮರದ ಕಡೆಯ ಮಗ್ಗುಲಿಗೂ ಆ ಕಲ್ಲು ಹಾಸಿದೆವು. ನೀರು ಬಸಿಯಲು ಮಾತ್ರ ಸಂದಿ ಬಿಟ್ಟೆವು. ಬಚ್ಚಲ ನೀರನ್ನು ಮರದ ಕಡೆಗೆ ತಿರುಗಿಸಿದೆವು. ಆ ಕಾಲುವೆಯನ್ನೂ ಗುದ್ದಲಿ ಮುಟ್ಟದೆ ಮರದ ಗೂಟದಿಂದಲೇ ತೋಡಿದ್ದು. ಮಡಿಗೆ ಬಾವಿಯಿಂದ ಸೇದಿದ ನೀರು, ಅದೂ ಬೇಕಾದಷ್ಟೇ. ಹೊಸ ಸಸಿ ನೆಟ್ಟೆ.

ಅತ್ತೆ ಧೈರ್ಯವಾಗಿಯೇ ಕಲ್ಲು ಎತ್ತಿದ್ದರು. ಆದರೆ ಮರುದಿನದಿಂದ ಬೆಳಿಗ್ಗೆ ಮಗ ಏಳುವ ಮೊದಲೇ ಹೋಗಿ ಹಣೆ ಮುಟ್ಟಿ ನೋಡುತ್ತಿದ್ದರು. "ಏನವ್ವ ಇದು, ನಾನೇನು ಕೂಸೇ?" ಎಂದರೆ, "ಸುಮ್ಕಿರೋ, ನೊಣ ಕೂತಿತ್ತು," ಎನ್ನುತ್ತಿದ್ದರು. ಅವರ ಭಯ ನನಗೆ ತಿಳಿಯುತ್ತಿತ್ತು. ಮಡಿಗೆ ನೀರು ಹಾಕುವಾಗ ನಾನೂ ಒಮ್ಮೆ ಮರದ ಕಡೆ ನೋಡಿ ಕೈ ಮುಗಿಯುತ್ತಿದ್ದೆ.

ಜ್ವರ ಬರಲಿಲ್ಲ. ಮರವೂ ಬಾಡಲಿಲ್ಲ, ಆ ವರ್ಷ ಇನ್ನೂ ದಟ್ಟವಾಗಿ ಚಿಗುರಿತು. ಗಿಡಗಳು ಕಾಯಿ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅತ್ತೆ ಮಗನ ಹಾಸಿಗೆಯ ಕಡೆ ಹೋಗಲೇ ಇಲ್ಲ. ನೇರವಾಗಿ ಹಿತ್ತಲಿಗೆ ಬಂದು, ಮಡಿಯನ್ನು ಸುತ್ತಿ ನೋಡಿ, ಗೋಡೆಗೆ ಒರಗಿಸಿದ್ದ ಮಿಕ್ಕ ಕಲ್ಲುಗಳನ್ನು ತೋರಿಸಿದರು.

"ಕಲ್ಲು ಬೇಕಾದಷ್ಟು ಐತಲ್ಲೇ ಹುಡ್ಗಿ. ಇನ್ನೊಂದು ಮಡಿ ಕಟ್ಕೊ. ನಂಗೊಂದಿಷ್ಟು ಮೆಂತ್ಯ ಬೇಕು."