ಎದುರುಮನೆಯ ಹೀಟರ್

ಪ್ಲಂಬರ್ ಹೀಟರಿನೊಳಗಿಂದ ಎಲಿಮೆಂಟನ್ನು ಎಳೆದು ಹಳೆಯ ಪತ್ರಿಕೆಯ ಮೇಲಿಟ್ಟ. ಅದರ ಸುರುಳಿಯ ತುಂಬ ಬಿಳಿ ಸುಣ್ಣದ ಹಕ್ಕಳೆ. ಬೆಂದ ಸುಣ್ಣ ಮತ್ತು ತುಕ್ಕು ಬೆರೆತ ವಾಸನೆ ಸ್ನಾನದ ಮನೆಯನ್ನು ತುಂಬಿತು. ಕುವೈತಿನ ಫಹಾಹೀಲಿನಲ್ಲಿರುವ ಮಗಳ ಫ್ಲಾಟಿನಲ್ಲಿ ನಿಂತಿದ್ದ ನನಗೆ ಅದೇ ಫಹಾಹೀಲಿನ ಇನ್ನೊಂದು ಸ್ನಾನದ ಮನೆ ನೆನಪಾಯಿತು... ಜೊತೆಗೆ ನಮ್ಮ ಎದುರುಮನೆಯ ಅಕ್ಕ.

ಆಗ ಕೊಲ್ಲಿ ಯುದ್ಧ ಮುಗಿದು ನಮ್ಮವರೆಲ್ಲ ಒಬ್ಬೊಬ್ಬರಾಗಿ ಕುವೈತಿಗೆ ಮರಳಿದ್ದರು. ನಾನು ಉಡುಪಿ ಕಡೆಯವನು, ಒಂದು ಕಂಪನಿಯ ಆಫೀಸಿನಲ್ಲಿ ಕೆಲಸ. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ ಓದಿದವನಾದ್ದರಿಂದ ಮನೆಯಲ್ಲೂ ಎಲ್ಲಕ್ಕೂ ಹೊತ್ತು, ಎಲ್ಲಕ್ಕೂ ಜಾಗ. ಹೀಟರಿಗೂ ನಿಯಮವಿತ್ತು: ದೀಪಾವಳಿಗೆ ಸ್ವಿಚ್ ಹಾಕುವುದು, ಏಪ್ರಿಲಿನ ಬಿಸು ಹಬ್ಬಕ್ಕೆ ಆರಿಸುವುದು.

ಎದುರುಮನೆಯ ಅಕ್ಕ ಹುಬ್ಬಳ್ಳಿಯವರು. ಅವರ ಯಜಮಾನರು ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಟೆಕ್ನಿಷಿಯನ್. ಅಕ್ಕನಿಗೆ ಹೊತ್ತೆಂಬುದೇ ಇರಲಿಲ್ಲ. ನಾವು ಊಟಕ್ಕೆ ಕುಳಿತಾಗ, ನಾನು ಷರ್ಟಿಗೆ ಇಸ್ತ್ರಿ ಹಾಕುತ್ತಿರುವಾಗ, ಯಾವಾಗ ಬೇಕಾದರೂ ಬಾಗಿಲು ತಟ್ಟುತ್ತಿದ್ದರು. ಕೈಯಲ್ಲಿ ಶೇಂಗಾ ಚಟ್ನಿಪುಡಿಯೋ ಖಾಲಿ ಲೋಟವೋ ಏನಾದರೊಂದು ಇರುತ್ತಿತ್ತು. ನನಗೆ ಅದು ಸರಿಬರುತ್ತಿರಲಿಲ್ಲ.

ಮಗಳು ಹುಟ್ಟಿದ್ದು ಜನವರಿಯಲ್ಲಿ. ಕುವೈತಿನ ಚಳಿ ಒಣ ಚಳಿ. ಮರುಭೂಮಿಯ ಗಾಳಿ ಬಾಗಿಲ ಸಂದಿಯಿಂದ ನುಗ್ಗಿ ಮೂಳೆಗೆ ತಾಗುತ್ತದೆ. ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿಗೆ ಕೈಯೊಡ್ಡಿದರೆ ಬೆರಳು ಮರಗಟ್ಟುತ್ತದೆ. ಬಾಣಂತನಕ್ಕೆ ಬರಬೇಕಿದ್ದ ಅತ್ತೆಯವರ ವೀಸಾ ಆಗಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ವಾರದೊಳಗೆ ಹೀಟರ್ ತಳದಿಂದ ಸೋರತೊಡಗಿತು.

ಕಟ್ಟಡ ನೋಡಿಕೊಳ್ಳುತ್ತಿದ್ದ ಈಜಿಪ್ಟಿನ ಹಾರಿಸ್ ಬಂದು ನೋಡಿ, ಬೆಸುಗೆ ಹಾಕಿಸಿದರೆ ಆಯಿತು ಎಂದ. ಬೆಸುಗೆ ಹಾಕಿಸಿದ. ಎರಡೇ ದಿನಕ್ಕೆ ಪಕ್ಕದಲ್ಲೇ ಇನ್ನೊಂದು ತೂತು. ಎಲಿಮೆಂಟ್, ಥರ್ಮೋಸ್ಟಾಟ್ ಕೆಟ್ಟರೆ ಬದಲಿಸಬಹುದು. ಹೀಟರಿನ ಟ್ಯಾಂಕೇ ತುಕ್ಕು ಹಿಡಿದರೆ ರಿಪೇರಿಗೆ ಸುರಿದದ್ದೆಲ್ಲ ನೀರಿನ ಜೊತೆಗೇ ಹರಿದುಹೋಗುತ್ತದೆ ಎಂದು ನನಗೆ ಆಗ ತಿಳಿಯಿತು. ಆದರೆ ಮನೆ ಬಾಡಿಗೆಯದು. ಮಾಲೀಕನ ಒಪ್ಪಿಗೆಯಿಲ್ಲದೆ ಏನನ್ನೂ ಬದಲಿಸಬಾರದು ಎಂದು ಕರಾರು. ಕೇಳಿದಾಗಲೆಲ್ಲ ಹಾರಿಸ್ ಕೈಯೆತ್ತಿ, "ಬುಕ್ರಾ, ಇನ್ಶಾ ಅಲ್ಲಾ," ಎನ್ನುತ್ತಿದ್ದ. ಬುಕ್ರಾ ಎಂದರೆ ನಾಳೆ. ಆ ನಾಳೆ ಬರಲೇ ಇಲ್ಲ.

ಒಲೆಯ ಮೇಲೆ ಪಾತ್ರೆಗಳಲ್ಲಿ ನೀರು ಕಾಯಿಸಿದೆವು. ಎರಡನೆಯದು ಕಾಯುವಷ್ಟರಲ್ಲಿ ಮೊದಲನೆಯದು ಆರುತ್ತಿತ್ತು. ಎಣ್ಣೆ ಹಚ್ಚಿಕೊಂಡು ಕುಳಿತ ಹೆಂಡತಿ ನಡುಗುತ್ತಾ ಒಂದು ದಿನ ಅತ್ತೇಬಿಟ್ಟಳು.

"ಮೀಯುವ ನೀರೇ ಇಲ್ಲದೆ ಎಂತ ಬಾಣಂತನ? ನನ್ನನ್ನೂ ಮಗುವನ್ನೂ ಅಮ್ಮನ ಹತ್ರ ಕಳ್ಸಿ."

ಕಳುಹಿಸಿದರೆ ಬೇಗ ಮರಳುವುದಾಗುತ್ತಿರಲಿಲ್ಲ. ಹೆಚ್ಚು ತಿಂಗಳು ಹೊರಗಿದ್ದರೆ ಅವಳ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಹೋಗುತ್ತಿತ್ತು; ಮತ್ತೆ ಅರ್ಜಿ, ಮತ್ತೆ ಕಾಯುವುದು. ಮಗಳು ಕೂರುವುದನ್ನು, ಅಂಬೆಗಾಲಿಡುವುದನ್ನು ನಾನು ಫೋಟೋದಲ್ಲಿ ನೋಡಬೇಕಾಗುತ್ತಿತ್ತು. ನಮ್ಮ ಸುತ್ತಲಿನ ಎಷ್ಟೋ ಗಂಡಸರು ಹಾಗೆಯೇ ನೋಡಿದವರು... ಆದರೂ ಮೇಜಿನ ಮುಂದೆ ಕುಳಿತು, ಟಿಕೆಟು ತೆಗೆಸುವುದೋ, ಮಾಲೀಕನಿಗೆ ಇನ್ನೊಮ್ಮೆ ಬರೆಯುವುದೋ ಎಂದು ಯೋಚಿಸುತ್ತಿದ್ದೆ. ಆಗ ಬಾಗಿಲು ತಟ್ಟಿದ ಸದ್ದಾಯಿತು.

ಅಕ್ಕ ಸೀದಾ ಒಳಕೋಣೆಗೆ ಹೋದರು. "ಏನ್ ತಂಗಿ, ಊರಿಗ್ ಹೊಂಟಿ ಅಂತಲ್ಲ? ಹೋಗು, ಹೋಗು. ಕೂಸಿನ್ನ ಇಲ್ಲೇ ಬಿಟ್ಟ ಹೋಗು, ನಾ ಸಾಕ್ತೀನಿ."

ಅಳುತ್ತಿದ್ದವಳು ನಕ್ಕಳು. ಅಕ್ಕ ನನ್ನ ಕಡೆ ತಿರುಗಿದರು.

"ನೀವೇನ್ ಬರಕೋತ ಕುಂತೀರಿ, ಅಣ್ಣಾರ?"

"ಮಾಲೀಕನ ಒಪ್ಪಿಗೆ ಬರಬೇಕಲ್ಲ ಅಕ್ಕಾ, ಅದಕ್ಕೆ..."

"ನಿಮ್ಮ ಒಪ್ಪಿಗಿ ಬರೂದ್ರಾಗ ಕೂಸು ಸಾಲಿಗೆ ಹೊಕ್ಕೈತಿ!"

ಹೊರಟುಹೋದರು. ಸ್ವಲ್ಪ ಹೊತ್ತಿಗೆ ಎದುರುಮನೆಯಿಂದ ಸ್ಪ್ಯಾನರಿನ ಸದ್ದು. ನಮ್ಮದು ಒಂದು ಕೋಣೆಯ, ಒಂದೇ ಹೀಟರಿನ ಮನೆ. ಅವರದು ದೊಡ್ಡದು, ಸ್ನಾನದ ಮನೆಗೊಂದು, ಅಡುಗೆಮನೆಗೊಂದು ಹೀಟರ್. ಅಡುಗೆಮನೆಯದು ಅವರೇ ಕೊಂಡು ಹಾಕಿಸಿದ್ದು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವರ ಯಜಮಾನರು ಅದನ್ನು ಕೂಸನ್ನೆತ್ತಿದಂತೆ ಎತ್ತಿಕೊಂಡು ಕಾರಿಡಾರ್ ದಾಟುತ್ತಿದ್ದರು, ಹಿಂದೆ ಪೈಪು ಹಿಡಿದ ಅಕ್ಕ.

"ಬೇಡ ಅಕ್ಕಾ, ನಿಮಗೆ ಅಡುಗೆಮನೆಯಲ್ಲಿ..."

"ಭಾಂಡೆ ತಣ್ಣೀರಾಗೂ ತೊಳಿಬಹುದು, ಅಣ್ಣಾರ. ಬಾಣಂತಿನ್ನ ತೊಳ್ಯಾಕ ಬರ್ತದೇನು?"

ಸೋರುತ್ತಿದ್ದುದನ್ನು ಇಳಿಸಿ, ಇದನ್ನು ಗೋಡೆಗೆ ತೂಗುಹಾಕಿ ಪೈಪು ಬಿಗಿದಾಯಿತು. ನಾನು ಉತ್ಸಾಹದಿಂದ ಸ್ವಿಚ್ಚಿಗೆ ಕೈ ಹಾಕಿದೆ. ಯಾವತ್ತೂ ಮಾತಾಡದ ಯಜಮಾನರು, "ತಡೀರಿ! ಮೊದಲ ನೀರ, ಆಮ್ಯಾಲ ಬೆಂಕಿ," ಎಂದು ತಡೆದರು. ನಳ ತಿರುಗಿಸಿ, ಗಾಳಿಯೆಲ್ಲ ಬುಸುಗುಟ್ಟಿ ಹೋಗಿ ನೀರು ಒಂದೇ ಸಮ ಬರುವವರೆಗೆ ಕಾದೆವು. ಆಮೇಲೆ ಸ್ವಿಚ್ಚಿನ ಕೆಂಪು ದೀಪ ಹತ್ತಿತು.

ಅಂದಿನಿಂದ ಅಕ್ಕನೇ ಬಾಣಂತಿಗೂ ಮಗುವಿಗೂ ನೀರೆರೆದರು. ನಾನು ಆಫೀಸಿನಿಂದ ಬರುವಾಗ ಮನೆಯಲ್ಲಿ ಲೋಬಾನದ ಹೊಗೆ, ಕೊಬ್ಬರಿ ಎಣ್ಣೆಯ ವಾಸನೆ, ಹೊಟ್ಟೆ ತುಂಬ ಹಾಲು ಕುಡಿದು ಮಲಗಿದ ಮಗು. ಊರಿಗೆ ಕಳುಹಿಸುವ ಮಾತು ಮತ್ತೆ ಬರಲಿಲ್ಲ. ಬೆಳಿಗ್ಗೆ ಪಾತ್ರೆ ತೊಳೆದು ಬರುತ್ತಿದ್ದ ಅಕ್ಕನ ಕೈ ಮಾತ್ರ ಕೆಂಪಾಗಿ ಒಡೆದಿರುತ್ತಿತ್ತು. ಮಗುವನ್ನು ಮುಟ್ಟುವ ಮೊದಲು ಅವರು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು.

ಚಳಿ ಇಳಿದ ಮೇಲೆ ನಾನು ಒಂದು ಹೊಸ ಹೀಟರ್ ತಂದು ಅವರ ಅಡುಗೆಮನೆಗೆ ಹಾಕಿಸಿದೆ.

"ಬ್ಯಾಸಗಿ ಬಂತು, ಈಗ ಹೀಟರ್ ತಂದೀರಿ! ಅದೂ ಹೊಸಾದು ನನಗ, ಹಳೇದು ನಿಮಗ. ಈ ಲೆಕ್ಕಾ ಯಾವ ಸಾಲ್ಯಾಗ ಕಲ್ತ್ರಿ, ಅಣ್ಣಾರ?" ಎಂದು ಅಕ್ಕ ಕಟ್ಟಡವೆಲ್ಲ ಕೇಳುವಂತೆ ನಕ್ಕರು.

ಹಳೆಯದು ನಮ್ಮಲ್ಲೇ ಉಳಿಯಿತು. ಬೇಸಿಗೆಯಲ್ಲೂ ಅದಕ್ಕೆ ಕೆಲಸವಿತ್ತು. ತಾರಸಿಯ ಟ್ಯಾಂಕಿನ ನೀರು ಬಿಸಿಲಿಗೆ ಕುದಿಯುವಾಗ, ಆರಿಸಿಟ್ಟ ಹೀಟರಿನ ನೀರು ಮನೆಯ ನೆರಳಿನಲ್ಲಿ ತಣಿದಿರುತ್ತಿತ್ತು. ಇಲ್ಲಿ ಎಲ್ಲರೂ ಮಾಡುವಂತೆ ಕೆಂಪು ಗುರುತಿನ ನಳ ತಿರುಗಿಸಿ ಅದರಿಂದಲೇ ಮಗಳಿಗೆ ಸ್ನಾನ. ಕೆಂಪೆಂದರೆ ತಂಪು ಎಂದೇ ಕಲಿತ ಅವಳು, ರಜೆಗೆ ಊರಿಗೆ ಹೋದಾಗ ಕೆಂಪು ನಳಕ್ಕೆ ಕೈಯೊಡ್ಡಿ ಕಿರುಚಿದ್ದಳು. ಅದನ್ನು ಕೇಳಿ ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು...

ಯಜಮಾನರ ಕೆಲಸ ಮುಗಿದು ಅವರು ಹುಬ್ಬಳ್ಳಿಗೆ ಮರಳಿದರು. ಹಬ್ಬಕ್ಕೆ ಫೋನು ಬರುತ್ತಿತ್ತು, ಹೊತ್ತಲ್ಲದ ಹೊತ್ತಿನಲ್ಲೇ. ಹೋದ ವರ್ಷ ಬಂದ ಫೋನಿನಲ್ಲಿ ಅಕ್ಕನ ದನಿಯಿರಲಿಲ್ಲ. ಯಜಮಾನರು, "ನಿಮ್ಮಕ್ಕ ಹ್ವಾದ್ಲರಿ," ಎಂದರು.

ಪ್ಲಂಬರ್ ಎದ್ದು ನಿಂತ. "ಟ್ಯಾಂಕ್ ಗಯಾ, ಸಾಬ್. ನಯಾ ಲಗಾನಾ ಪಡೇಗಾ. ಆಜ್ ಜುಮ್ಮಾ, ದುಕಾನ್ ಬಂದ್. ಕಲ್."

ಮತ್ತೊಂದು ನಾಳೆ. ಒಳಕೋಣೆಯಲ್ಲಿ ಬಾಣಂತಿ ಮಗಳು; ಅವಳ ಮೈಗೆ ನನ್ನ ಹೆಂಡತಿ ಎಣ್ಣೆ ಹಚ್ಚಿ ಆಗಿತ್ತು. ಈಗಿನ ಸಣ್ಣ ಫ್ಲಾಟಿನಲ್ಲಿ ಎಲ್ಲಕ್ಕೂ ಸೇರಿ ಒಂದೇ ಹೀಟರ್.

"ಎದುರಿಗೆ ಯಾರಿದ್ದಾರೆ?" ಎಂದು ಮಗಳನ್ನು ಕೇಳಿದೆ.

"ಐ ಡೋಂಟ್ ನೋ, ಪಪ್ಪಾ. ಹೊಸಬರು. ಇಟ್ಸ್ ಫ್ರೈಡೇ, ಮಲಗಿರ್ತಾರೆ."

ಮಲಗಿರುತ್ತಾರೆ, ನಿಜ. ಹೊತ್ತಲ್ಲದ ಹೊತ್ತು. ನಾನು ಖಾಲಿ ಬಕೆಟ್ ಎತ್ತಿಕೊಂಡು ಕಾರಿಡಾರ್ ದಾಟಿ ಬಾಗಿಲು ತಟ್ಟಿದೆ.

ಕೂದಲು ಕೆದರಿದ ಒಬ್ಬ ಹುಡುಗಿ ಬಾಗಿಲು ತೆರೆದಳು. ಮನೆಯಲ್ಲಿ ಹಸುಗೂಸಿದೆ, ಹೀಟರ್ ಕೆಟ್ಟಿದೆ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಅವಳು ನನ್ನ ಬಕೆಟ್ಟನ್ನು ನೋಡಿದಳು.

"ಏಕ್ ಬಕೆಟ್ ಸೇ ಕ್ಯಾ ಹೋಗಾ, ಅಂಕಲ್?"

ಒಳಗೆ ಹೋಗಿ ತನ್ನದೂ ಒಂದು ಬಕೆಟ್ ತಂದಳು. ಇಬ್ಬರೂ ತುಂಬಿದ ಬಕೆಟ್ ಹಿಡಿದು ಕಾರಿಡಾರ್ ದಾಟುವಾಗ ಹಬೆ ನನ್ನ ಕನ್ನಡಕವನ್ನು ಮುಸುಕಿತು. ಒರೆಸಿಕೊಳ್ಳಲಿಲ್ಲ. ಮುಂದೆ ನಡೆಯುತ್ತಿದ್ದವರು ಅಕ್ಕ ಅಲ್ಲವೆಂದು ಅಷ್ಟು ಹೊತ್ತು ಕಾಣದಿರಲಿ ಎನಿಸಿತು...